ಸೈಜಿನ ಪಕ್ಕದ ಎರಡಂಕಿ

ಕೊಟ್ಟಿಗೆಹಾರದಲ್ಲಿ ಕಾಫಿಗೆಂದು ನಿಲ್ಲಿಸಿದ್ದೆವು. ಪಕ್ಕದ ಜೀಪಿನ ಚಾಲಕರು ನಮ್ಮ ಆಲ್ಟೊದ ಹಿಂದಿನ ಚಕ್ರದ ಬಳಿ ಬಗ್ಗಿ, "ಸರ್, ಇದನ್ನ ಸ್ವಲ್ಪ ಮುಟ್ಟಿ ನೋಡಿ" ಎಂದರು. ಟೈರಿನ ಪಕ್ಕೆ ಕೈ ಇಡಲಾಗದಷ್ಟು ಕಾದಿತ್ತು. ಒಂದು ಕಡೆ ನಿಂಬೆಹಣ್ಣಿನಷ್ಟು ಗುಳ್ಳೆ ಎದ್ದಿತ್ತು. ಕಾರಿನಲ್ಲಿ ಅಮ್ಮ, ಹೆಂಡತಿ, ಇಬ್ಬರು ಮಕ್ಕಳು. ಡಿಕ್ಕಿಯಲ್ಲಿ ಉಜಿರೆಯ ತಂಗಿ ಮನೆಗೆಂದು ಹೇರಿದ್ದ ಎರಡು ಮೂಟೆ ಅಕ್ಕಿ. ಮುಂದಿದ್ದುದು ಚಾರ್ಮಾಡಿ ಘಾಟಿ.

"ಗುಳ್ಳೆ ಎದ್ದಿದೆ ಅಂದ್ರೆ ಒಳಗೆ ನೂಲು ಹರಿದಿದೆ ಅಂತ. ಇದರಲ್ಲಿ ಘಾಟಿ ಇಳೀಬೇಡಿ" ಎಂದು ಅವರೇ ಜಾಕ್ ಹಾಕಿ ಟೈರ್ ಬಿಚ್ಚಿದರು. ಅದನ್ನು ಸ್ಟೆಪ್ನಿಯ ಪಕ್ಕ ನಿಲ್ಲಿಸಿದಾಗಲೇ ನನಗೆ ತಿಳಿದದ್ದು: ಸ್ಟೆಪ್ನಿ ಅದಕ್ಕಿಂತ ಒಂದೂವರೆ ಬೆರಳಿನಷ್ಟು ಹೆಚ್ಚು ಎತ್ತರವಿತ್ತು.

ಆರು ತಿಂಗಳ ಹಿಂದೆ ಹಿಂದಿನ ಎರಡು ಟೈರ್ ಸವೆದಾಗ ಅಂಗಡಿಯವರು "ನಿಮ್ಮದು 12 ಇಂಚಲ್ವಾ, ಇದು ಕೂರುತ್ತೆ" ಎಂದು ಕಡಿಮೆ ಬೆಲೆಯ ಜೋಡಿಯೊಂದನ್ನು ಹಾಕಿಕೊಟ್ಟಿದ್ದರು. ಕೂತದ್ದು ನಿಜ. ಆದರೆ ನಮ್ಮ ಆಲ್ಟೊಗೆ ಬೇಕಾದದ್ದು 145/80 ಆರ್12, 74ಟಿ. ನನಗೆ ಸಿಕ್ಕಿದ್ದು ಹಳೆಯ ಮಾರುತಿ 800ರ ಅಳತೆ, 145/70 ಆರ್12, 69. ಅಗಲ ಒಂದೇ, ರಿಮ್ ಒಂದೇ. ಪಕ್ಕೆಯ ಎತ್ತರ ಕಡಿಮೆ, ಹೊರುವ ಶಕ್ತಿಯೂ ಕಡಿಮೆ.

ಆ 74 ಮತ್ತು 69 ಭಾರದ ಗುರುತು. ಅವು ಕಿಲೋಗಳಲ್ಲ, ಪಟ್ಟಿಯೊಂದರ ಸಂಖ್ಯೆಗಳು. 74 ಎಂದರೆ ಒಂದು ಟೈರ್ 375 ಕಿಲೋ ಹೊರಬಲ್ಲದು, 69 ಎಂದರೆ 325. ಮುಂದಿನ 'ಟಿ' ವೇಗದ ಮಿತಿ, ಗಂಟೆಗೆ 190 ಕಿ.ಮೀ. ನಮ್ಮ ರಸ್ತೆಯಲ್ಲಿ ವೇಗದ ಅಕ್ಷರಕ್ಕಿಂತ ಭಾರದ ಸಂಖ್ಯೆಯೇ ದೊಡ್ಡದು ಎಂಬುದು ನನ್ನ ಅಭಿಪ್ರಾಯ. ಆ ವೇಗಕ್ಕೆ ನಾವು ಹೋಗುವುದೇ ಇಲ್ಲ. ಮೂಟೆ ಮಾತ್ರ ಪ್ರತಿ ಸಲ ಹೇರುತ್ತೇವೆ.

325ನ್ನು ನಾಲ್ಕರಿಂದ ಗುಣಿಸಿದರೆ 1300 ಕಿಲೋ ಆಗುತ್ತದೆ, ಜನರೂ ಸಾಮಾನೂ ತುಂಬಿದ ಆಲ್ಟೊ ಅಷ್ಟು ತೂಗುವುದಿಲ್ಲವಲ್ಲ ಎಂದು ನಾನೂ ಲೆಕ್ಕ ಹಾಕಿದ್ದೆ. ಎಡವಿದ್ದು ಅಲ್ಲೇ. ಭಾರ ನಾಲ್ಕು ಚಕ್ರಕ್ಕೂ ಸಮ ಹಂಚಿಕೆಯಾಗುವುದಿಲ್ಲ. ಹಿಂದಿನ ಸೀಟಿನವರು, ಡಿಕ್ಕಿಯ ಅಕ್ಕಿ, ಎಲ್ಲ ಬೀಳುವುದು ಹೆಚ್ಚಾಗಿ ಹಿಂದಿನ ಎರಡರ ಮೇಲೆ. ಏರು ಹತ್ತುವಾಗ ಅದು ಇನ್ನಷ್ಟು ಹಿಂದಕ್ಕೆ ಜಾರುತ್ತದೆ. ಜೊತೆಗೆ ಆ ಸಂಖ್ಯೆ ಹೇಳುವಷ್ಟು ಭಾರ ಹೊರಲು ಟೈರಿನಲ್ಲಿ ಗಾಳಿ ಸರಿಯಾಗಿರಬೇಕು. ನಾನು ಗಾಳಿ ಹೊಡೆಸಿ ತಿಂಗಳಾಗಿತ್ತು. ಗಾಳಿ ಇಳಿದ ಟೈರಿನ ಪಕ್ಕೆ ಪ್ರತಿ ಸುತ್ತಿಗೂ ಮಡಚುತ್ತದೆ, ಮಡಚಿ ಕಾಯುತ್ತದೆ, ಕಾದು ಸೋಲುತ್ತದೆ. ಆ ಸ್ಥಿತಿಯಲ್ಲಿ ಒಂದು ಹೊಂಡಕ್ಕೆ ಬಡಿದರೆ ನೂಲು ಹರಿಯುತ್ತದೆ.

ಸ್ಟೆಪ್ನಿ ಹಾಕಿಕೊಂಡು ನಿಧಾನವಾಗಿ ಮೂಡಿಗೆರೆಗೆ ವಾಪಸ್ ಬಂದು ಸರಿಯಾದ ಜೋಡಿ ಹಾಕಿಸಿದೆವು. ಅಲ್ಲಿನ ಹಿರಿಯ ಅಂಗಡಿಯವರು ಎರಡು ಮಾತು ಹೇಳಿದರು. ಕಂಪನಿ ಹೇಳಿದ ಸಂಖ್ಯೆಗಿಂತ ಕೆಳಗೆ ಇಳಿಯಬಾರದು, ಅದೇ ಅಳತೆಯಲ್ಲಿ ಮೇಲಿನದು ಸಿಕ್ಕರೆ ಅಡ್ಡಿಯಿಲ್ಲ. ಓಮ್ನಿಯವರು ತಮ್ಮ ಎಲ್‌ಟಿ (ಲೈಟ್ ಟ್ರಕ್) ಟೈರಿನ ಬದಲು ಆಲ್ಟೊದ್ದು ಕೇಳಿಕೊಂಡು ಬಂದರೆ ಅವರು ಕೊಡುವುದೇ ಇಲ್ಲವಂತೆ. ಆ ಗಾಡಿ ಸಾಮಾನು ಹೊರುವಂಥದ್ದು. ಆಮೇಲೆ ಪಕ್ಕೆಯ ಮೇಲಿನ ನಾಲ್ಕಂಕಿ ತೋರಿಸಿದರು. 2319 ಎಂದಿದ್ದರೆ 2019ರ 23ನೇ ವಾರ ತಯಾರಾದದ್ದು. ಅಂಗಡಿಯಲ್ಲೇ ವರ್ಷಗಟ್ಟಲೆ ಕೂತ ಟೈರ್ ಹೊಸದೆಂದು ಬರುವುದುಂಟು.

ತಂಗಿ ಮನೆ ತಲುಪಿದಾಗ ರಾತ್ರಿಯಾಗಿತ್ತು. ಅಮ್ಮನಿಗೆ ಗುಳ್ಳೆಯ ವಿಷಯ ನಾನು ಹೇಳಿದ್ದು ಮರುದಿನ.

ಟೈರ್ ಬದಲಿಸುವ ಮುನ್ನ ಕಾರಿನ ಜೊತೆ ಬಂದ ಪುಸ್ತಕ ತೆರೆದು ಅದರಲ್ಲಿರುವ ಟೈರ್ ಅಳತೆಯ ಪೂರ್ತಿ ಸಾಲನ್ನು, ಕೊನೆಯ ಎರಡಂಕಿ ಮತ್ತು ಅಕ್ಷರದ ಸಮೇತ, ಚೀಟಿಯಲ್ಲಿ ಬರೆದುಕೊಂಡು ಹೋಗಿ. ಟೈರ್ ರಿಮ್ಮಿಗೆ ಕೂರಿಸುವ ಮೊದಲೇ ಅದರ ಪಕ್ಕೆಯನ್ನು ನೀವೇ ಓದಿ ನೋಡಿ.