ಅರ್ಜಿಯ ಹೆಜ್ಜೆಗುರುತು

ಕೋಲಾರ, ಮಾಲೂರು, ಮುಳಬಾಗಿಲು, ಶ್ರೀನಿವಾಸಪುರಗಳ ತಾಲ್ಲೂಕು ಕಚೇರಿಗಳಲ್ಲಿ ಅರ್ಜಿ ಕೊಟ್ಟ ರೈತನಿಗೆ ಅದು ಯಾರ ಮೇಜಿನ ಮೇಲಿದೆಯೆಂದು ಹಿಂದೆ ತಿಳಿಯುತ್ತಿರಲಿಲ್ಲ. 2012ರಲ್ಲಿ ರಾಜ್ಯದಾದ್ಯಂತ ಜಾರಿಗೆ ಬಂದ ‘ಸಕಾಲ’ ವ್ಯವಸ್ಥೆಯು ತನ್ನ ವ್ಯಾಪ್ತಿಯ ಪ್ರತಿ ಅರ್ಜಿಗೂ 15 ಅಂಕಿಗಳ ಸಂಖ್ಯೆಯೊಂದನ್ನು ನೀಡಿತು. ಅದರಿಂದ ಅರ್ಜಿಯ ಸ್ಥಿತಿಯನ್ನು ಅರಿಯಬಹುದು. ಗಡುವು ಮೀರಿದರೆ ದಿನಕ್ಕೆ 20 ರೂಪಾಯಿಯಂತೆ 500 ರೂಪಾಯಿಗಳವರೆಗೆ ಪರಿಹಾರವನ್ನೂ ಕೇಳಬಹುದು.

ಆದರೆ ಈ ಲೆಕ್ಕ ಆರಂಭವಾಗುವುದು ಅರ್ಜಿ ಸಲ್ಲಿಕೆಯಾದ ಮೇಲೆ. ಜಾಲತಾಣದಲ್ಲಿ ಅರ್ಜಿ ತುಂಬಲು ಕುಳಿತು ನಡುವೆಯೇ ಎದ್ದುಹೋದವರ ಗತಿಯೇನು? ಅವರನ್ನು ಯಾವ ವಹಿಯೂ ಬರೆದುಕೊಳ್ಳದು. ಶಾಲೆಯ ಹಾಜರಿ ಪುಸ್ತಕವೂ ಬಾಗಿಲವರೆಗೆ ಬಂದು ಹಿಂದಿರುಗಿದ ಬಾಲಕನನ್ನು ಕಾಣದಷ್ಟೆ!

ಜಾಲತಾಣದ ಬಳಕೆಯನ್ನು ಎಣಿಸುವ ಸಾಧನಗಳು ಈ ಕೊರತೆಯನ್ನು ತುಂಬಬಲ್ಲವು. ಪುಟ ತೆರೆದದ್ದು, ಮೊದಲ ಅಂಕಣ ತುಂಬಿದ್ದು, ‘ಸಲ್ಲಿಸು’ ಗುಂಡಿ ಒತ್ತಿದ್ದು, ಸ್ವೀಕೃತಿಯ ಪುಟ ಮೂಡಿದ್ದು, ಇವನ್ನು ಅವು ಬೇರೆ ಬೇರೆಯಾಗಿ ಎಣಿಸುತ್ತವೆ. ಗುಂಡಿ ಒತ್ತಿದ ಮಾತ್ರಕ್ಕೆ ಅರ್ಜಿ ಸೇರಿತೆಂದು ತಿಳಿಯಕೂಡದು; ಸ್ವೀಕೃತಿಯ ಪುಟವೇ ಸಾಕ್ಷಿ. 100 ಜನರು ತೊಡಗಿ 40 ಮಂದಿ ಮಾತ್ರ ಮುಗಿಸಿದರೆನ್ನೋಣ. ಉಳಿದವರು ಸೋಮಾರಿಗಳೆನ್ನುವುದು ಅವಸರದ ತೀರ್ಪು. ಅವರಲ್ಲಿ ಬಹುಪಾಲು ಜನ ಪಹಣಿಯ ಪ್ರತಿಯನ್ನು ಸೇರಿಸುವ ಅಂಕಣದಲ್ಲಿಯೇ ನಿಂತಿದ್ದರೆ ಮೊದಲು ಶಂಕಿಸಬೇಕಾದದ್ದು ಆ ಅಂಕಣವನ್ನು. ಅರ್ಜಿದಾರರ ಹೆಸರು, ಆಧಾರ್ ಸಂಖ್ಯೆಗಳನ್ನು ಮಾತ್ರ ಈ ಸಾಧನಗಳಿಗೆ ಒಪ್ಪಿಸಲಾಗದು. ಎಣಿಕೆಗೆ ಅವು ಬೇಕಾಗಿಯೂ ಇಲ್ಲ.