ಉದ್ದ ತಂತಿ, ಪುಟ್ಟ ರೇಡಿಯೋ

ಪ್ರಸಾರ ಕೇಂದ್ರದಿಂದ ದೂರವಿರುವ, ಗುಡ್ಡಗಳ ನಡುವಿನ ಊರುಗಳಲ್ಲಿ ರೇಡಿಯೋ ಹಾಕಿದರೆ ಮಾತಿಗಿಂತ ಗೊರಗೊರ ಸದ್ದೇ ಹೆಚ್ಚು. ಇಂಥ ಸದ್ದಿನ ನಡುವೆ ವಾರ್ತೆ ಕೇಳುವುದಾಗಲಿ, ಪಾಠ ಕೇಳುವುದಾಗಲಿ ಕಷ್ಟ. "ಉದ್ದ ತಂತಿ ಕಟ್ಟಿ, ಸರಿಹೋಗುತ್ತದೆ" ಎಂದು ಹಿರಿಯರು ಹೇಳುವುದುಂಟು. ಈ ಮಾತು ಅರ್ಧ ನಿಜ. ತಂತಿ ಹಿಡಿದದ್ದನ್ನು ರೇಡಿಯೋ ಒಳಗೆ ತೆಗೆದುಕೊಳ್ಳಬೇಕಲ್ಲ!

ಮೊದಲು ಒಂದು ಪ್ರಯೋಗ ಮಾಡಿ. ತೆಳುವಾದ ಹುರಿಯ ತುದಿಗೆ ಬಾವಿಯ ದಪ್ಪ ಹಗ್ಗವನ್ನು ಗಂಟು ಹಾಕಿ, ನುಣುಪಾದ ನೆಲದ ಮೇಲೆ ಉದ್ದಕ್ಕೆ ಚಾಚಿ. ದಪ್ಪ ಹಗ್ಗದ ತುದಿಯನ್ನು ಗೆಳೆಯ ಹಿಡಿದಿರಲಿ. ನೀವು ಹುರಿಯನ್ನು ಒಮ್ಮೆ ಪಕ್ಕಕ್ಕೆ ಜಾಡಿಸಿ. ಅಲೆಯೊಂದು ಓಡುತ್ತದೆ. ಗಂಟಿನ ಬಳಿ ಏನಾಯಿತು? ಸ್ವಲ್ಪ ಭಾಗ ಮುಂದೆ ಹೋಯಿತು, ಉಳಿದದ್ದು ನಿಮ್ಮ ಕಡೆಗೇ ಮರಳಿತು. ಈಗ ಹುರಿಗೆ ಅದೇ ಬಗೆಯ ಹುರಿಯನ್ನು ಕಟ್ಟಿ ನೋಡಿ. ಗಂಟಿನಿಂದ ಅಲೆ ಹಿಂದಿರುಗುವುದು ಕಾಣುವುದೇ ಇಲ್ಲ.

ತಂತಿಯಲ್ಲಿ ಹರಿಯುವ ವಿದ್ಯುತ್ ಅಲೆಗೂ ಹೀಗೆಯೇ. ಅಲೆಗೆ ಎದುರಾಗುವ ತಡೆಯನ್ನು ಇಂಪೀಡೆನ್ಸ್ ಎನ್ನುತ್ತಾರೆ; ಅಳೆಯುವುದು ಓಮ್‌ಗಳಲ್ಲಿ. ಹೊರಗಿನ ಆಂಟೆನಾ ಜೋಡಿಸಲು ಕಿಂಡಿ ಇರುವ ಎಷ್ಟೋ ರೇಡಿಯೋಗಳು 50 ಓಮ್ ತಡೆಯನ್ನು ನಿರೀಕ್ಷಿಸುತ್ತವೆ. ತಂತಿಯದು 450 ಓಮ್ ಇದ್ದರೆ? ಲೆಕ್ಕ ಹಾಕಿದರೆ, ಸಿಗಬಹುದಾಗಿದ್ದ ಶಕ್ತಿಯ 100 ಪಾಲಿನಲ್ಲಿ 36 ಪಾಲು ಮಾತ್ರ ರೇಡಿಯೋಗೆ ದಕ್ಕುತ್ತದೆ.

ತೊಡಕು ಇನ್ನೂ ಇದೆ. ತಂತಿಯ ತಡೆ ಒಂದೇ ಸಮನೆ ಇರುವುದಿಲ್ಲ. 15 ಮೀಟರ್ ತಂತಿಯೊಂದನ್ನು ತೆಗೆದುಕೊಳ್ಳಿ. ರೇಡಿಯೋ ಅಲೆ ಸೆಕೆಂಡಿಗೆ 3 ಲಕ್ಷ ಕಿಲೋಮೀಟರ್ ಸಾಗುತ್ತದೆ. ಆದ್ದರಿಂದ 5,000 ಕಿಲೋಹರ್ಟ್ಸ್ ಅಲೆಯ ಉದ್ದ 60 ಮೀಟರ್. ನಮ್ಮ ತಂತಿ ಅದರ ಕಾಲು ಭಾಗ. ಆಗ ತಡೆ ಕೆಲವೇ ಹತ್ತು ಓಮ್. 10,000 ಕಿಲೋಹರ್ಟ್ಸ್‌ನಲ್ಲಿ ಅಲೆಯ ಉದ್ದ 30 ಮೀಟರ್. ಅದೇ ತಂತಿ ಈಗ ಅರ್ಧ ಅಲೆಯಷ್ಟಾಯಿತು. ತಡೆ ಸಾವಿರಾರು ಓಮ್‌ಗೆ ಏರುತ್ತದೆ! ಮಧ್ಯಮ ತರಂಗದ 612 ಕಿಲೋಹರ್ಟ್ಸ್‌ನಲ್ಲಿ ಅಲೆಯ ಉದ್ದ ಎಷ್ಟೆಂದು ನೀವೇ ಲೆಕ್ಕ ಮಾಡಿ. ಸುಮಾರು 490 ಮೀಟರ್ ಬರಬೇಕು.

ಈ ವ್ಯತ್ಯಾಸವನ್ನು ಸರಿದೂಗಿಸಲು ಪರಿವರ್ತಕ ಬಳಸುತ್ತಾರೆ. ಫೆರೈಟ್ ಬಳೆಯ ಮೇಲೆ ತಂತಿಯ ಕಡೆಗೆ 30 ಸುತ್ತು, ರೇಡಿಯೋ ಕಡೆಗೆ 10 ಸುತ್ತು ಎಂದುಕೊಳ್ಳಿ. ಸುತ್ತುಗಳ ಅನುಪಾತ 3. ಆದರೆ ತಡೆ ಬದಲಾಗುವುದು ಅದರ ವರ್ಗದಷ್ಟು, ಅಂದರೆ 9 ಪಟ್ಟು. 450 ಓಮ್ ಇದ್ದದ್ದು 50 ಓಮ್ ಆಗಿ ಕಾಣುತ್ತದೆ. ಎಲ್ಲ ಕೇಂದ್ರಗಳಿಗೂ ಇದು ಪಕ್ಕಾ ಹೊಂದುವುದಿಲ್ಲ, ಒಂದು ರಾಜಿ ಅಷ್ಟೆ. ಆದರೂ ಒಳ್ಳೆಯ ರಾಜಿ.

ಮನೆಯ ಚಿಕ್ಕ ರೇಡಿಯೋಗಳಲ್ಲಿ ಆಂಟೆನಾ ಕಿಂಡಿಯೇ ಇರುವುದಿಲ್ಲ. ಅದಕ್ಕೂ ಉಪಾಯವಿದೆ. ಮಧ್ಯಮ ತರಂಗ ಹಿಡಿಯಲು ಅವುಗಳೊಳಗೆ ಫೆರೈಟ್ ಎಂಬ ಕಪ್ಪು ಕಡ್ಡಿ ಇರುತ್ತದೆ. ಸಾಮಾನ್ಯವಾಗಿ ಅದು ರೇಡಿಯೋದ ಉದ್ದಕ್ಕೆ ಮಲಗಿರುತ್ತದೆ. ಪ್ಲಾಸ್ಟಿಕ್ ಹೊದಿಕೆಯ ವೈರನ್ನು ರೇಡಿಯೋ ಸುತ್ತ ಐದಾರು ಬಾರಿ ಸುತ್ತಿ. ಸುತ್ತುಗಳು ಒಳಗಿನ ಕಡ್ಡಿಯನ್ನು ಬಳೆಯಂತೆ ಬಳಸಿರಬೇಕು. ವೈರಿನ ಒಂದು ತುದಿಯನ್ನು ಉದ್ದ ತಂತಿಗೂ ಇನ್ನೊಂದನ್ನು ಒದ್ದೆ ನೆಲದಲ್ಲಿ ಊರಿದ ಕಬ್ಬಿಣದ ಸರಳಿಗೂ ಜೋಡಿಸಿ. ರೇಡಿಯೋವನ್ನು ಬಿಚ್ಚಬೇಕಾಗಿಲ್ಲ. ಇದೂ ಪರಿವರ್ತಕವೇ!

ಈ ಕೆಲಸವನ್ನು ಶಿಕ್ಷಕರ ಜೊತೆಯಲ್ಲೇ ಮಾಡಿ. ಶೆಲ್ ಹಾಕುವ ರೇಡಿಯೋ ಮಾತ್ರ ಬಳಸಿ. ತಂತಿ ವಿದ್ಯುತ್ ಕಂಬದ ಹತ್ತಿರಕ್ಕೂ ಹೋಗಬಾರದು. ವಿದ್ಯುತ್ ತಂತಿಗಳ ಮೇಲೆ, ಕೆಳಗೆ ಹಾಯಿಸಲೇಬಾರದು. ಮೋಡ ಕವಿದಾಗ, ಗುಡುಗು ಕೇಳಿದಾಗ ತಂತಿಯನ್ನು ಮುಟ್ಟಬೇಡಿ. ಅದಕ್ಕೇ ಪ್ರಯೋಗ ಮುಗಿದ ಕೂಡಲೆ ಅದನ್ನು ಇಳಿಸಿ ಸುತ್ತಿಡಿ.

ಸುತ್ತುಗಳನ್ನು 3, 6, 10 ಎಂದು ಬದಲಿಸುತ್ತ ಸದ್ದು ಹೇಗಿತ್ತೆಂದು ಬರೆದುಕೊಳ್ಳಿ. ಎಲ್‌ಇಡಿ ಬಲ್ಬು, ಮೊಬೈಲ್ ಚಾರ್ಜರ್ ಹತ್ತಿರವಿದ್ದಾಗ ಒಮ್ಮೆ, ಆರಿಸಿದಾಗ ಒಮ್ಮೆ ಕೇಳಿ. ಸುತ್ತು ಹೆಚ್ಚಾದಾಗ ಬೇರೆ ಕೇಂದ್ರಗಳೂ ನುಗ್ಗಿ ಕಲಸುಮೇಲೋಗರವಾದರೆ ಒಂದೆರಡು ಸುತ್ತು ಬಿಚ್ಚಿ.