ಬರೆಯುವ ಕೈಗೆ ಹಿತವಾದ ಶಾಯಿ ಪೆನ್ನು

ದ್ವಿತೀಯ ಪಿ.ಯು.ಸಿ. ಓದುತ್ತಿದ್ದ ಹುಡುಗನೊಬ್ಬನನ್ನು ಅವನ ತಾತ ನನ್ನ ಬಳಿ ಕರೆದುಕೊಂಡು ಬಂದಿದ್ದರು. ಪರೀಕ್ಷೆಗೆ ಎರಡೂವರೆ ತಿಂಗಳು ಉಳಿದಿತ್ತು. ಎರಡು ಪುಟ ಬರೆಯುವಷ್ಟರಲ್ಲಿ ಹುಡುಗನಿಗೆ ಹೆಬ್ಬೆರಳಿನ ಬುಡದಿಂದ ಮೊಣಕೈವರೆಗೆ ನೋವು ಬರುತ್ತಿತ್ತು. ಮೂರನೆಯ ಪುಟಕ್ಕೆ ಅಕ್ಷರಗಳು ಅಂಕುಡೊಂಕಾಗುತ್ತಿದ್ದವು. ‘ನರಕ್ಕೇನಾದರೂ ಆಗಿದೆಯೇ ಡಾಕ್ಟರೇ?’ ಎಂಬುದು ತಾತನ ಚಿಂತೆ. ಮೂರು ಗಂಟೆ ಕುಳಿತು ಬರೆಯುವುದು ಹೇಗೆ ಎಂಬುದು ಹುಡುಗನ ಚಿಂತೆ.

ಕುತ್ತಿಗೆ, ಭುಜ, ಮಣಿಕಟ್ಟು ಎಲ್ಲವನ್ನೂ ಪರೀಕ್ಷಿಸಿದೆ. ಬೆರಳುಗಳ ಶಕ್ತಿ, ಸ್ಪರ್ಶಜ್ಞಾನ ಸರಿಯಾಗಿದ್ದವು. ಆದರೆ ನಡುಬೆರಳಿನ ಪಕ್ಕದಲ್ಲಿ ಚರ್ಮ ಗಟ್ಟಿಯಾಗಿ ಒಂದು ಗುಳಿಯೇ ಬಿದ್ದಿತ್ತು. ಅವನ ನೋಟ್‌ಪುಸ್ತಕ ತೆಗೆಸಿ, ಬರೆದ ಹಾಳೆಯ ಹಿಂಬದಿಯನ್ನು ಬೆರಳಿನಿಂದ ಸವರಿದೆ. ಅಕ್ಷರಗಳೆಲ್ಲ ಅಂಧರ ಬ್ರೈಲ್ ಲಿಪಿಯಂತೆ ಉಬ್ಬಿ ನಿಂತಿದ್ದವು. ಎದುರಿಗೆ ಕೂರಿಸಿ ಬರೆಸಿದಾಗ ಕಾರಣ ಸ್ಪಷ್ಟವಾಯಿತು. ತೆಳ್ಳನೆಯ ಬಾಲ್ ಪೆನ್ನನ್ನು ಅವನು ಉಗುರು ಬೆಳ್ಳಗಾಗುವಷ್ಟು ಬಿಗಿಯಾಗಿ ಹಿಡಿದು, ಹಾಳೆಯ ಮೇಲೆ ಒತ್ತಿ ಒತ್ತಿ ಬರೆಯುತ್ತಿದ್ದ.

ಆ ದಿನ ನಾನು ಚೀಟಿಯಲ್ಲಿ ಮಾತ್ರೆ ಬರೆಯಲಿಲ್ಲ. ‘ಒಂದು ಶಾಯಿ ಪೆನ್ನು’ ಎಂದು ಬರೆದುಕೊಟ್ಟು, ಪೆನ್ನುಗಳನ್ನೇ ಮಾರುವ, ರಿಪೇರಿಯನ್ನೂ ಮಾಡುವ ಒಂದು ಅಂಗಡಿಗೆ ಕಳುಹಿಸಿದೆ.

ಕೈ ನೋಯುವುದೇಕೆ?

ಬೆರಳುಗಳನ್ನು ಆಡಿಸುವ ಸ್ನಾಯುಗಳಲ್ಲಿ ಹೆಚ್ಚಿನವು ಬೆರಳಿನಲ್ಲಿಲ್ಲ, ಮುಂಗೈಯಲ್ಲಿವೆ. ಅಲ್ಲಿಂದ ಹೊರಟ ಸ್ನಾಯುರಜ್ಜುಗಳು ಮಣಿಕಟ್ಟನ್ನು ಹಾದು ಬೆರಳಿಗೆ ತಲುಪುತ್ತವೆ. ಆದ್ದರಿಂದಲೇ ಬೆರಳಿನ ತುದಿಯಲ್ಲಿ ಬಿಗಿ ಹಿಡಿದರೆ ಮೊಣಕೈ ಹತ್ತಿರ ನೋಯುತ್ತದೆ. ಸ್ನಾಯು ಬಿಗಿದು ಸಡಿಲವಾಗುತ್ತಿದ್ದರೆ ಅದರಲ್ಲಿ ರಕ್ತ ಸಲೀಸಾಗಿ ಹರಿಯುತ್ತದೆ. ಬಿಗಿದೇ ಇದ್ದರೆ ರಕ್ತಸಂಚಾರ ಕಡಿಮೆಯಾಗಿ ಆಯಾಸ, ನೋವು ಶುರುವಾಗುತ್ತವೆ.

ಇದು ಹೊಸ ತೊಂದರೆಯೇನಲ್ಲ. ಕಸುಬುಗಳಿಂದ ಬರುವ ಕಾಯಿಲೆಗಳನ್ನು ಕುರಿತು ಮೊದಲಿಗೆ ವಿಸ್ತಾರವಾಗಿ ಬರೆದ ಇಟಲಿಯ ವೈದ್ಯ ಬರ್ನಾರ್ಡಿನೋ ರಾಮಾಜಿನಿ, 1713ರಲ್ಲಿ ಗುಮಾಸ್ತರ ಕೈನೋವನ್ನು ವಿವರಿಸಿದ್ದಾನೆ. ಸದಾ ಕುಳಿತಿರುವುದು, ಕೈಯನ್ನು ಒಂದೇ ಬಗೆಯಲ್ಲಿ ಎಡೆಬಿಡದೆ ಆಡಿಸುವುದು, ತಪ್ಪಾದೀತೆಂಬ ಮನಸ್ಸಿನ ಬಿಗಿ ಇವೇ ಆತ ಹೇಳಿದ ಮೂರು ಕಾರಣಗಳು. ಪರೀಕ್ಷೆಗೆ ಓದುವ ನಮ್ಮ ಮಕ್ಕಳಿಗೆ ಈ ಮೂರೂ ಇವೆ.

ಶಾಯಿ ಪೆನ್ನಿನ ಗುಣ

ಬಾಲ್ ಪೆನ್ನಿನ ಶಾಯಿ ಎಣ್ಣೆ ಬೆರೆತ ಮಂದ ದ್ರವ. ತುದಿಯ ಗುಂಡು ಹಾಳೆಯ ಮೇಲೆ ಉರುಳಿದರಷ್ಟೇ ಅದು ಹೊರಬರುತ್ತದೆ. ಉರುಳಬೇಕಾದರೆ ಸ್ವಲ್ಪ ಒತ್ತಲೇಬೇಕು. ಶಾಯಿ ಪೆನ್ನಿನ ರೀತಿ ಬೇರೆ. ದೀಪದ ಬತ್ತಿ ಎಣ್ಣೆಯನ್ನು ತಾನಾಗಿ ಎಳೆದುಕೊಳ್ಳುವ ತತ್ವದಲ್ಲೇ ಅದು ಕೆಲಸ ಮಾಡುತ್ತದೆ. ನಿಬ್ಬಿನ ಕೆಳಗಿನ ನಾಲಿಗೆಯ ಸಣ್ಣ ಗೀರುಗಳಲ್ಲಿ ಶಾಯಿ ಇಳಿದು, ನಿಬ್ಬಿನ ಸೀಳಿನ ಮೂಲಕ ತುದಿಗೆ ಬರುತ್ತದೆ. ಇಳಿದಷ್ಟು ಶಾಯಿಯ ಜಾಗಕ್ಕೆ ಗಾಳಿ ಒಳಗೆ ಹೋಗುತ್ತದೆ. ನ್ಯೂಯಾರ್ಕಿನ ಲೂಯಿಸ್ ವಾಟರ್‌ಮನ್ 1884ರಲ್ಲಿ ಪೇಟೆಂಟ್ ಪಡೆದ ಪೆನ್ನಿನಲ್ಲೂ ಇದೇ ಏರ್ಪಾಡಿತ್ತು. ತುದಿ ಹಾಳೆಗೆ ತಾಗಿದರೆ ಸಾಕು, ಅಕ್ಷರ ಮೂಡುತ್ತದೆ. ಒತ್ತಿ ಬರೆದರೆ ಸೀಳು ಅಗಲವಾಗಿ ನಿಬ್ಬು ಕೆಡುತ್ತದೆ. ಹೀಗಾಗಿ ಹಗುರವಾಗಿ ಬರೆಯುವುದನ್ನು ಪೆನ್ನೇ ಕೈಗೆ ಕಲಿಸುತ್ತದೆ.

ಜರ್ಮನಿಯ ಅನೇಕ ಪ್ರಾಥಮಿಕ ಶಾಲೆಗಳಲ್ಲಿ ಮಕ್ಕಳಿಗೆ ಶಾಯಿ ಪೆನ್ನಿನಲ್ಲಿ ಬರೆಯಲು ಕಲಿಸುವ ರೂಢಿಯಿದೆ. ಅಲ್ಲಿ 1980ರಲ್ಲಿ ಬಂದ ಲ್ಯಾಮಿ ಕಂಪನಿಯ ‘ಸಫಾರಿ’ ಪೆನ್ನಿನ ಹಿಡಿಯನ್ನು ಮೂರು ಬೆರಳು ಸರಿಯಾಗಿ ಕೂರುವಂತೆ ತ್ರಿಕೋನಾಕಾರದಲ್ಲಿ ಮಾಡಿದ್ದರು.

ಆದರೆ ಒಂದು ಮಾತು. ಶಾಯಿ ಪೆನ್ನು ಔಷಧಿಯಲ್ಲ. ಅದನ್ನೂ ಬಿಗಿಹಿಡಿದು, ಬಗ್ಗಿ ಕುಳಿತು ಗಂಟೆಗಟ್ಟಲೆ ಬರೆದರೆ ಕೈ ನೋಯುತ್ತದೆ. ಕೈಗೆ ಹೊಂದದ ಪೆನ್ನಾದರೆ ಇನ್ನೂ ಹೆಚ್ಚು ನೋಯುತ್ತದೆ. ಇಲ್ಲಿ ಬೇಕಾದವನು ಪೆನ್ನು ಬಲ್ಲ ಅಂಗಡಿಯವನು.

ಕೈ ನೋಡಿ ಪೆನ್ನು ಕೊಡುವವರು

ನಮ್ಮ ಹುಡುಗ ಹೋದ ಅಂಗಡಿಯವರು ಮೊದಲು ಪೆನ್ನು ತೋರಿಸಲಿಲ್ಲ. ಸ್ಟೂಲು ಹಾಕಿ ಕೂರಿಸಿ, ‘ನಿನ್ನ ಪೆನ್ನಿನಲ್ಲೇ ನಾಲ್ಕು ಸಾಲು ಬರಿಯಪ್ಪಾ’ ಎಂದರಂತೆ. ತಾತ ಮೊಮ್ಮಗನಿಗೆಂದು ಬೆಲೆಬಾಳುವ ಲೋಹದ ಪೆನ್ನೊಂದನ್ನು ಆರಿಸಿದರೆ, ‘ಅದು ಭಾರ ಆಯ್ತು ಸಾರ್, ಇವನ ಕೈಗೆ ಬೇಡ’ ಎಂದು ಅಂಗಡಿಯವರೇ ಒಳಗಿಟ್ಟರು. ಕೊನೆಗೆ ಕೊಟ್ಟದ್ದು ಅದರ ಕಾಲುಭಾಗ ಬೆಲೆಯ, ಹಗುರವಾದ, ಹಿಡಿ ಸ್ವಲ್ಪ ದಪ್ಪಗಿರುವ ಪೆನ್ನು. ಇಂಥ ಅಂಗಡಿಯವರು ಸಾಮಾನ್ಯವಾಗಿ ಗಮನಿಸುವ ಸಂಗತಿಗಳು ಇವು:

1. ಹಿಡಿಯ ದಪ್ಪ: ತೀರಾ ತೆಳ್ಳಗಿನ ಪೆನ್ನನ್ನು ಹಿಡಿಯಲು ಬೆರಳು ಹೆಚ್ಚು ಬಿಗಿಯಬೇಕು. ಸಂಧಿವಾತ ಇರುವ ಹಿರಿಯರಿಗೆ ದಪ್ಪ ಹಿಡಿ ಹಿತ.

2. ತೂಕ: ಮುಚ್ಚಳವನ್ನು ಹಿಂಬದಿಗೆ ಸಿಕ್ಕಿಸಿದರೆ ಕೆಲವು ಪೆನ್ನುಗಳ ಭಾರ ಹಿಂದಕ್ಕೆ ವಾಲುತ್ತದೆ. ಎರಡೂ ರೀತಿ ಬರೆದು ನೋಡಬೇಕು.

3. ನಿಬ್ಬಿನ ಅಗಲ: ಕನ್ನಡ ಬರೆಯುವವರಿಗೆ ಇದು ಮುಖ್ಯ. ಅಗಲ ನಿಬ್ಬಿನಲ್ಲಿ ಒತ್ತಕ್ಷರಗಳು ಒಂದಕ್ಕೊಂದು ಮೆತ್ತಿಕೊಳ್ಳುತ್ತವೆ. ಸಣ್ಣ ಅಕ್ಷರದವರಿಗೆ ‘ಫೈನ್’ ನಿಬ್ಬು ಸರಿ. ಜಪಾನಿನ ಫೈನ್ ಸಾಮಾನ್ಯವಾಗಿ ಯೂರೋಪಿನ ಫೈನ್‌ಗಿಂತ ತೆಳುವಾಗಿರುತ್ತದೆ.

4. ನಿಬ್ಬಿನ ತುದಿ: ಸೀಳಿನ ಎರಡು ಭಾಗಗಳು ಸಮನಾಗಿಲ್ಲದಿದ್ದರೆ ಪೆನ್ನು ಹಾಳೆಯನ್ನು ಕೆರೆಯುತ್ತದೆ. ಬಲ್ಲವರು ಭೂತಗನ್ನಡಿಯಲ್ಲಿ ನೋಡಿ, ಅರ್ಧ ನಿಮಿಷದಲ್ಲಿ ಸರಿಪಡಿಸುತ್ತಾರೆ.

5. ಎಡಗೈ: ಎಡಚರ ಕೈ ಹಸಿ ಅಕ್ಷರದ ಮೇಲೆ ಸಾಗುತ್ತದೆ. ಅವರಿಗೆ ಬೇಗ ಒಣಗುವ ಶಾಯಿ, ಸಾಲಿನ ಕೆಳಗೆ ಕೈಯಿಟ್ಟು ಬರೆಯುವ ಅಭ್ಯಾಸ ಅನುಕೂಲ.

ಬರೆದು ನೋಡದೆ ಪೆನ್ನು ಕೊಳ್ಳುವುದು, ಕಾಲಿಗೆ ಹಾಕಿ ನೋಡದೆ ಚಪ್ಪಲಿ ಕೊಂಡ ಹಾಗೆ. ಬರೆದು ನೋಡಲು ಬಿಡುವ, ಕೆಟ್ಟರೆ ಸರಿಮಾಡಿಕೊಡುವ ಅಂಗಡಿಗೆ ಹತ್ತಿಪ್ಪತ್ತು ರೂಪಾಯಿ ಹೆಚ್ಚು ಕೊಟ್ಟರೂ ನಷ್ಟವಿಲ್ಲ. ಚೆನ್ನೈನ ಎನ್.ಎಸ್.ಸಿ. ಬೋಸ್ ರಸ್ತೆಯ ‘ಜೆಮ್ ಅಂಡ್ ಕಂಪನಿ’ 1920ರ ದಶಕದಲ್ಲಿ ಶುರುವಾಗಿ, ತಲೆಮಾರುಗಳ ಕಾಲ ಪೆನ್ನಿನ ವ್ಯಾಪಾರಕ್ಕೆ ಹೆಸರಾದದ್ದು. ಕೋಲ್ಕತ್ತದ ಎಸ್‌ಪ್ಲನೇಡ್ ಬಳಿ ಹಲವು ದಶಕಗಳಿಂದ ಪೆನ್ನು ರಿಪೇರಿಗೆ ಪ್ರಸಿದ್ಧವಾದ ಪುಟ್ಟ ಅಂಗಡಿಯ ಹೆಸರೇ ‘ಪೆನ್ ಹಾಸ್ಪಿಟಲ್’. ನಿಮ್ಮ ಊರಿನ ಹಳೆಯ ಪೇಟೆಯಲ್ಲಿ ಇಂಥವರೊಬ್ಬರು ಇದ್ದರೆ ಹುಡುಕಿಕೊಂಡು ಹೋಗಿ.

ಹವ್ಯಾಸವಾದರೆ ಇನ್ನೂ ಒಳ್ಳೆಯದು

ಮೊಮ್ಮಗನ ಜೊತೆ ಹೋದ ತಾತ, ಟ್ರಂಕಿನಲ್ಲಿದ್ದ ತಮ್ಮ ಹಳೆಯ ಪೆನ್ನನ್ನೂ ಅಲ್ಲಿಗೆ ಒಯ್ದು ಸರಿಮಾಡಿಸಿಕೊಂಡರು. ಈಗ ಅವರ ಬಳಿ ಆರು ಪೆನ್ನುಗಳಿವೆ. ನಿವೃತ್ತರಾದ ಮೇಲೆ ರಾತ್ರಿ ಹನ್ನೊಂದರವರೆಗೆ ಮೊಬೈಲ್ ನೋಡುತ್ತಿದ್ದವರು, ಈಗ ಊಟವಾದ ಮೇಲೆ ಅರ್ಧ ಗಂಟೆ ದಿನಚರಿ ಬರೆಯುತ್ತಾರೆ. ಭಾನುವಾರ ಪೆನ್ನುಗಳನ್ನು ಬಿಚ್ಚಿ ತೊಳೆದು, ಹೊಸ ಶಾಯಿ ತುಂಬುತ್ತಾರೆ.

ಹವ್ಯಾಸದ ಲಾಭ ಇರುವುದೇ ಇಲ್ಲಿ. ಕೈ, ಕಣ್ಣು, ಮನಸ್ಸು ಮೂರೂ ಒಂದು ಸಣ್ಣ ಕೆಲಸದ ಮೇಲೆ ನಿಂತಾಗ ಚಿಂತೆ ಸ್ವಲ್ಪ ಹಿಂದೆ ಸರಿಯುತ್ತದೆ. ಅಮೆರಿಕದ ಬೇಯ್ಲರ್ ವಿಶ್ವವಿದ್ಯಾಲಯದ ಸಂಶೋಧಕರು 2018ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ 57 ಯುವಜನರು ಮಲಗುವ ಮುನ್ನ 5 ನಿಮಿಷ ಬರೆದರು. ಮುಂದೆ ಮಾಡಬೇಕಾದ ಕೆಲಸಗಳನ್ನು ಪಟ್ಟಿ ಮಾಡಿದವರು, ಮಾಡಿ ಮುಗಿಸಿದ ಕೆಲಸಗಳನ್ನು ಬರೆದವರಿಗಿಂತ ಸರಾಸರಿ ಸುಮಾರು 9 ನಿಮಿಷ ಬೇಗ ನಿದ್ದೆಹೋದರು. ಇದು ಚಿಕ್ಕ ಅಧ್ಯಯನ. ಆದರೂ ತಲೆಯಲ್ಲಿ ಸುತ್ತುವುದನ್ನು ಹಾಳೆಗೆ ಇಳಿಸಿ ಮಲಗುವುದರಲ್ಲಿ ಖರ್ಚೂ ಇಲ್ಲ, ಅಪಾಯವೂ ಇಲ್ಲ.

ಪೆನ್ನಿನ ಹಿಂದಿನ ಕಥೆಗಳೂ ಹವ್ಯಾಸದ ಸೊಗಸು. ಆಂಧ್ರದ ರಾಜಮಹೇಂದ್ರವರದಲ್ಲಿ ಕೆ.ವಿ. ರತ್ನಂ ಅವರು ತಯಾರಿಸಿದ ಸ್ವದೇಶಿ ಪೆನ್ನನ್ನು ಬಳಸಿ ನೋಡಿದ ಗಾಂಧೀಜಿ, 1935ರಲ್ಲಿ ಅವರಿಗೆ ಪತ್ರ ಬರೆದು ಮೆಚ್ಚಿಕೊಂಡಿದ್ದರು. ಆದರೆ ಸಂಗ್ರಹದ ಹುಚ್ಚು ಹಿಡಿದು ಸಾಲ ಮಾಡಿದರೆ, ಪೆನ್ನಿನಿಂದ ಸಿಕ್ಕ ನೆಮ್ಮದಿ ಕಂತು ಕಟ್ಟುವಾಗ ಹೋಗುತ್ತದೆ. ದಿನವೂ ಬಳಸುವ ಎರಡು ಪೆನ್ನು, ಪೆಟ್ಟಿಗೆಯಲ್ಲಿ ಮಲಗಿದ ಇಪ್ಪತ್ತಕ್ಕಿಂತ ಮೇಲು.

ಗಮನದಲ್ಲಿಡಿ

* ಮೂರು ಬೆರಳುಗಳ ನಡುವೆ ಹಗುರವಾಗಿ ಹಿಡಿಯಿರಿ. ಬೇರೆಯವರು ಮೆಲ್ಲಗೆ ಎಳೆದರೆ ಪೆನ್ನು ಕೈಯಿಂದ ಜಾರಿಬರಬೇಕು.

* ಪಾದ ನೆಲಕ್ಕೆ, ಮುಂಗೈ ಮೇಜಿಗೆ ತಾಗಿರಲಿ. ಅರ್ಧ ಗಂಟೆಗೊಮ್ಮೆ ಪೆನ್ನು ಕೆಳಗಿಟ್ಟು ಬೆರಳುಗಳನ್ನು ಬಿಡಿಸಿ ಮಡಚಿ.

* ಪರೀಕ್ಷೆಗೆ ಒಂದು ವಾರವಿರುವಾಗ ಪೆನ್ನು ಬದಲಿಸಬೇಡಿ. ಹೊಸ ಹಿಡಿತ ಒಗ್ಗಲು ಕೆಲವು ವಾರ ಬೇಕು. ಓ.ಎಂ.ಆರ್. ಹಾಳೆಗೆ ಬಾಲ್ ಪೆನ್ನನ್ನೇ ಕೇಳುವ ಪರೀಕ್ಷೆಗಳಿವೆ, ಸೂಚನೆ ಓದಿಕೊಳ್ಳಿ.

* ನೇರವಾಗಿ ಒಡಲಿಗೇ ಶಾಯಿ ತುಂಬುವ ಪೆನ್ನಿನಲ್ಲಿ ಶಾಯಿ ತಳಮುಟ್ಟುವವರೆಗೆ ಕಾಯಬೇಡಿ. ಒಳಗಿನ ಗಾಳಿ ಕೈಯ ಬಿಸಿಗೆ ಹಿಗ್ಗಿ ಶಾಯಿಯನ್ನು ಹೊರದೂಡುತ್ತದೆ. ಪೆನ್ನು ಕಕ್ಕುವುದಕ್ಕೆ ಇದೂ ಒಂದು ಕಾರಣ.

* ಚಿತ್ರ ಬರೆಯುವ ಇಂಡಿಯನ್ ಇಂಕ್ ಹಾಕಬೇಡಿ, ಒಳಗೆ ಗಟ್ಟಿಯಾಗುತ್ತದೆ. ಶಾಯಿ ಬದಲಿಸುವಾಗ ತಣ್ಣೀರಿನಲ್ಲಿ ತೊಳೆಯಿರಿ; ಬಿಸಿನೀರು ಬೇಡ.

* ಹಿಂದೆ ನಾವೆಲ್ಲ ನಿಬ್ಬನ್ನು ತಲೆಗೂದಲಿಗೆ ಒರೆಸಿದವರು, ಬರೆಯದಿದ್ದರೆ ಬಾಯಲ್ಲಿಟ್ಟು ಎಳೆದವರು. ಮಕ್ಕಳಿಗೆ ಅದನ್ನು ಕಲಿಸಬೇಡಿ. ಶಾಯಿ ಹೊಟ್ಟೆಗೆ ಹೋಗಬೇಕಾದ ವಸ್ತುವಲ್ಲ. ಮುಚ್ಚಳ ಗಂಟಲಿಗೆ ಸಿಕ್ಕಿಕೊಂಡರೆ ಪ್ರಾಣಕ್ಕೇ ಅಪಾಯ. ಮಕ್ಕಳ ಪೆನ್ನಿಗೆ ಗಾಳಿಯಾಡುವ ತೂತಿರುವ ಮುಚ್ಚಳವಿರಲಿ.

ವೈದ್ಯರನ್ನು ಕಾಣಬೇಕಾದದ್ದು ಯಾವಾಗ?

ಹೆಬ್ಬೆರಳು, ತೋರುಬೆರಳು, ನಡುಬೆರಳು ಜೋಮು ಹಿಡಿದು ರಾತ್ರಿ ನಿದ್ದೆಯಿಂದ ಎಬ್ಬಿಸಿದರೆ ಮಣಿಕಟ್ಟಿನಲ್ಲಿ ನರ ಅದುಮಿರಬಹುದು. ಸಕ್ಕರೆ ಕಾಯಿಲೆ, ಥೈರಾಯ್ಡ್ ಕೊರತೆ ಇರುವವರಲ್ಲಿ ಮತ್ತು ಗರ್ಭಿಣಿಯರಲ್ಲಿ ಇದು ಹೆಚ್ಚು. ಬೇರೆಲ್ಲ ಕೆಲಸಕ್ಕೆ ಸರಿಯಿರುವ ಕೈ, ಬರೆಯಲು ಹೊರಟಾಗ ಮಾತ್ರ ತಾನಾಗಿ ಸೆಟೆದುಕೊಂಡರೆ ಅದು ‘ರೈಟರ್ಸ್ ಕ್ರ್ಯಾಂಪ್’ ಇರಬಹುದು. ಅದು ಮಿದುಳಿನ ನಿಯಂತ್ರಣಕ್ಕೆ ಸಂಬಂಧಿಸಿದ ತೊಂದರೆ. ಬೆರಳ ಗಂಟುಗಳು ಊದಿದರೆ, ಶಕ್ತಿ ಕುಂದಿದರೆ, ಕೈ ನಡುಗಿದರೆ ಪೆನ್ನು ಬದಲಿಸುತ್ತಾ ಕಾಲ ಕಳೆಯಬೇಡಿ.

ಅದೇ ಅಂಗಡಿಯಿಂದ ನನ್ನ ಬಳಿಗೆ ಇನ್ನೊಬ್ಬರು ಬಂದರು. ಅರವತ್ತು ದಾಟಿದ ನಿವೃತ್ತ ನೌಕರರು. ಪೆನ್ನು ಸರಿಯಾಗಿ ಬರೆಯುತ್ತಿಲ್ಲವೆಂದು ಮೂರು ಸಲ ಅಂಗಡಿಗೆ ಹೋಗಿದ್ದರು. ಅಲ್ಲಿ ಗಿರಾಕಿಗಳು ಬರೆದು ನೋಡಲೆಂದೇ ಇಟ್ಟ ದಪ್ಪ ಪುಸ್ತಕವಿದೆ. ಮೂರನೆಯ ಸಲ ಅಂಗಡಿಯವರು ಎರಡು ವರ್ಷದ ಹಿಂದಿನ ಹಾಳೆ ತಿರುಗಿಸಿ, ಆಗಿನ ಅಕ್ಷರವನ್ನೂ ಈಗಿನದನ್ನೂ ಪಕ್ಕಪಕ್ಕ ತೋರಿಸಿದರು. ಈಗಿನ ಸಾಲು ಮುಂದೆ ಹೋದಂತೆ ಅಕ್ಷರ ಸಾಸಿವೆಯಷ್ಟು ಕಿರಿದಾಗಿತ್ತು. ‘ಪೆನ್ನು ಚೆನ್ನಾಗಿದೆ ಸಾರ್. ಒಮ್ಮೆ ಕೈ ತೋರಿಸಿಕೊಳ್ಳಿ’ ಎಂದರಂತೆ. ‘ಜೋಯಿಸರಿಗಾ?’ ಎಂದು ಇವರು ನಕ್ಕರೂ, ನನ್ನ ಬಳಿ ಬಂದರು. ಅಕ್ಷರ ಹೀಗೆ ಕಿರಿದಾಗುವುದು ಪಾರ್ಕಿನ್ಸನ್ ಕಾಯಿಲೆಯ ಮೊದಲ ಲಕ್ಷಣಗಳಲ್ಲೊಂದು. ನರರೋಗ ತಜ್ಞರು ಪರೀಕ್ಷಿಸಿ ಅದನ್ನೇ ಖಚಿತಪಡಿಸಿದರು. ಆರಂಭದಲ್ಲೇ ಗೊತ್ತಾದ್ದರಿಂದ ಔಷಧಿ, ವ್ಯಾಯಾಮ ಬೇಗ ಶುರುವಾದವು. ಈಗಲೂ ಅವರು ದಿನಕ್ಕೊಂದು ಪುಟ ದೊಡ್ಡ ಅಕ್ಷರದಲ್ಲಿ ಬರೆಯುತ್ತಾರೆ, ಅದೇ ಪೆನ್ನಿನಲ್ಲಿ.

ಇನ್ನು ನಮ್ಮ ಹುಡುಗ. ಆರು ವಾರದ ಹೊತ್ತಿಗೆ ಅವನ ನೋವು ಬಹಳ ಕಡಿಮೆಯಾಯಿತು. ಪೂರ್ತಿ ಹೋಯಿತೆಂದು ಹೇಳಲಾರೆ. ಆದರೆ ಮೂರು ಗಂಟೆ ಬರೆದು ಬಂದ. ನೀವೂ ಇಂದು ಮಕ್ಕಳ ನೋಟ್‌ಪುಸ್ತಕ ತೆಗೆದು, ಬರೆದ ಹಾಳೆಯ ಹಿಂಬದಿಯನ್ನು ಒಮ್ಮೆ ಬೆರಳಿನಿಂದ ಸವರಿ ನೋಡಿ. ಅಕ್ಷರ ಉಬ್ಬಿ ಕೈಗೆ ಸಿಕ್ಕಿದರೆ, ಅವರ ಕೈ ಹಿಡಿದು ಒಳ್ಳೆಯದೊಂದು ಪೆನ್ನಿನ ಅಂಗಡಿಗೆ ಕರೆದುಕೊಂಡು ಹೋಗಿ.